ರೊಟ್ಟಿ ಮುರಿಯದ ಡಬ್ಬ

ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್, ಜೆ.ಪಿ. ನಗರ
೪ ಆಗಸ್ಟ್ ೨೦೨೫

ಶೈಲಶ್ರೀ ಮೇಡಂ ಅವರಿಗೆ,

ಶನಿವಾರದ ನಮ್ಮ ಡಬ್ಬ ತಯಾರಕರ ಸಂಘದ ಸಭೆಯಿಂದ ನಾನು ಅರ್ಧಕ್ಕೇ ಎದ್ದು ಬಂದದ್ದು ನಿಮಗೆ ಬೇಜಾರಾಗಿದೆಯಂತೆ. ಕಾರ್ಯದರ್ಶಿಯಾದ ಮೇಲೆ ಬೇಜಾರಾಗುವುದು ನಿಮ್ಮ ಡ್ಯೂಟಿ, ಎದ್ದು ಬರುವುದು ನನ್ನ ಹಕ್ಕು. ಆದರೂ ಕಾರಣ ಹೇಳಬೇಕಲ್ಲ, ಹೇಳುತ್ತೇನೆ.

ಹೊಸಬರನ್ನು ಪ್ಯಾಕೇಜಿಂಗಿಗೆ ಎಳೆದು ತರಬೇಕು, ಸ್ಟಾರ್ಟಪ್ ಮಾಡುವವರಿಗೆ ಒಬ್ಬೊಬ್ಬ ಸದಸ್ಯನೂ ತನ್ನ ಶೆಡ್ಡಿನಲ್ಲಿ ಒಂದು ಮೇಜು ಬಿಟ್ಟುಕೊಡಬೇಕು ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ, ನಲವತ್ತು ವರ್ಷದಿಂದ ರಟ್ಟಿನ ಡಬ್ಬ ಮಾಡುತ್ತಿದ್ದೇನೆ. ಡಬ್ಬ ಮಾಡುವವನಾಗುತ್ತೇನೆ ಎಂದುಕೊಂಡು ಯಾವ ಮಗುವೂ ಹುಟ್ಟುವುದಿಲ್ಲ. ಒಳಗಿನ ಸಾಮಾನು ತೆಗೆದುಕೊಂಡು ಡಬ್ಬ ಬಿಸಾಕುತ್ತಾರೆ, ಅಷ್ಟೇ ನಮ್ಮ ಮರ್ಯಾದೆ. ಹೋದ ವರ್ಷ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. "ಅಂಕಲ್, ನಿಮ್ ಇಂಡಸ್ಟ್ರಿನ ನಾವು ಬದಲಾಯಿಸ್ತೀವಿ" ಅಂದರು. ಅಂಟಿನ ವಾಸನೆಗೆ ಒಬ್ಬನಿಗೆ ತಲೆನೋವು ಬಂತು, ಇನ್ನೊಬ್ಬ ಅವನನ್ನು ಮನೆಗೆ ಬಿಟ್ಟುಬರುತ್ತೇನೆಂದು ಹೋದವನು ವಾಪಸ್ ಬರಲೇ ಇಲ್ಲ.

ಆದರೂ ನಿಮ್ಮ ಮಾತು ತೆಗೆದುಹಾಕಲಾರೆ. ಒಬ್ಬರೇ ಒಬ್ಬರನ್ನು, ಮೂರು ತಿಂಗಳ ಮಟ್ಟಿಗೆ ಕಳಿಸಿ. ನಮ್ಮ ಶೆಡ್ಡಿನ ಪದ್ಧತಿ ಮೊದಲೇ ಹೇಳಿಬಿಡಿ: ಫೋನಿನಲ್ಲಿ ಹೇಳಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಹಿಂದೆ ಒಬ್ಬ ಗಿರಾಕಿ ಫೋನಿನಲ್ಲಿ ಅಳತೆ ಹೇಳಿ, ಮಾಲು ತಯಾರಾದ ಮೇಲೆ "ನಾನೆಲ್ಲಿ ಹೇಳ್ದೆ?" ಅಂದುಬಿಟ್ಟ. ಅವತ್ತಿನಿಂದ ಏನೇ ಇದ್ದರೂ ಕಾಗದದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಗೇಟಿನ ತಗಡಿನ ಪೆಟ್ಟಿಗೆಗೆ ಹಾಕಬೇಕು. ಉತ್ತರವನ್ನೂ ಬರೆದೇ ಕೊಡುತ್ತೇನೆ.

ಇಷ್ಟು ಹೇಳಿ ಮುಗಿಸುತ್ತೇನೆ, ಮೇಷಿನ್ ಕಾಯುತ್ತಿದೆ.
ಶಿವರಾಮ್

*

ಬಿ.ಟಿ.ಎಂ. ಎರಡನೇ ಹಂತ
೧೯ ಆಗಸ್ಟ್ ೨೦೨೫

ಶಿವರಾಮ್ ಸರ್ ಅವರಿಗೆ ನಮಸ್ಕಾರ,

ನಾನು ಪ್ರಿಯಾಂಕಾ. ಶೈಲಶ್ರೀ ಮೇಡಂ ಕಳಿಸಿದ್ದಾರೆ. ನೀವು ಕಾಗದದಲ್ಲಿ ಬರೆಯಬೇಕು ಅಂದದ್ದು ಕೇಳಿ ಮೊದಲು ನಗು ಬಂತು, ಬರೆಯಲು ಕುಳಿತ ಮೇಲೆ ಬೆವರು ಬಂತು. ಪರೀಕ್ಷೆ ಬರೆದ ಮೇಲೆ ಇಷ್ಟುದ್ದ ಬರೆದೇ ಇಲ್ಲ.

ನಮ್ಮದು ಬಾದಾಮಿ ಹತ್ತಿರದ ಹಳ್ಳಿ. ಇಲ್ಲಿ ಒಂದು ಆಫೀಸಿನಲ್ಲಿ ದಿನವಿಡೀ ಗಿರಾಕಿಗಳ ದೂರು ಕೇಳುವ ಕೆಲಸ ನನ್ನದು. ಊರಲ್ಲಿ ನಮ್ಮ ಅವ್ವ ತಂಗೆವ್ವ, ಜೊತೆಗೆ ಹದಿಮೂರು ಹೆಣ್ಣುಮಕ್ಕಳು, ಜೋಳದ ಕಡಕ್ ರೊಟ್ಟಿ ಬಡಿದು ಮಾರುತ್ತಾರೆ. ಆ ರೊಟ್ಟಿಗೆ ಬೆಂಗಳೂರಿನಲ್ಲಿ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಪಾರ್ಸೆಲ್ ಬಿಚ್ಚಿದರೆ ಸಿಗುವುದು ಪುಡಿ. ಹೋದ ಸಲ ಒಬ್ಬರು ಆಂಟಿ "ಇದನ್ನ ಉಪ್ಪಿಟ್ಟು ಮಾಡ್ಕೊಳ್ಲಾ?" ಅಂತ ಕೇಳಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು.

ಜಯನಗರದಲ್ಲಿ ಅಂಗಡಿ ಇಟ್ಟಿರುವ ಶ್ರೀಕರ್ ಎನ್ನುವವರು ಒಂದು ಅವಕಾಶ ಕೊಟ್ಟಿದ್ದಾರೆ. ಐವತ್ತು ಡಬ್ಬ ರೊಟ್ಟಿ ಊರಿಂದ ಬಸ್ಸಿನಲ್ಲಿ ಇಡಿಯಾಗಿ ಬಂದರೆ, ತಿಂಗಳು ತಿಂಗಳೂ ತರಿಸುತ್ತಾರಂತೆ. ಪುಡಿಯಾಗಿ ಬಂದರೆ ಮುಂದೆ ಮಾತೇ ಇಲ್ಲ. ಆಫೀಸಿಗೆ ಮೂರು ತಿಂಗಳ ರಜೆ ಹಾಕಿದ್ದೇನೆ. ನವೆಂಬರ್ ಹದಿನೈದಕ್ಕೆ ರಜೆ ಮುಗಿಯುತ್ತದೆ. ಅಷ್ಟರೊಳಗೆ ಡಬ್ಬ ಆಗದಿದ್ದರೆ ನಾನು ಮತ್ತೆ ದೂರು ಕೇಳಲು ಕೂರಬೇಕು, ಆ ಹದಿನಾಲ್ಕು ಜನ ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಮಾರಿಕೊಳ್ಳಬೇಕು.

ನಾನೇ ಮಾಡಿದ ಒಂದು ಡಬ್ಬವನ್ನು ಇದರ ಜೊತೆ ಇಟ್ಟಿದ್ದೇನೆ. ಒಳಗೆ ನಾಲ್ಕು ರೊಟ್ಟಿಯಿಟ್ಟು, ಸುತ್ತ ಗುಳ್ಳೆ ಪ್ಲಾಸ್ಟಿಕ್ ಬಿಗಿಯಾಗಿ ತುಂಬಿದ್ದೇನೆ. ದಯವಿಟ್ಟು ನೋಡಿ.

ಭಯದಿಂದಲೇ,
ಪ್ರಿಯಾಂಕಾ

*

ಸಾರಕ್ಕಿ
೨೩ ಆಗಸ್ಟ್ ೨೦೨೫

ಪ್ರಿಯಾಂಕಾ ಅವರಿಗೆ,

ನಿಮ್ಮ ಡಬ್ಬ ನೋಡಿದೆ. ನೋಡಬಾರದಿತ್ತು.

ಮೊದಲನೆಯದು, ಡಬ್ಬದ ಅಳತೆ ಅಂದರೆ ಒಳಗಿನ ಅಳತೆ. ನೀವು ಹೊರಗೆ ಟೇಪು ಹಿಡಿದಿದ್ದೀರಿ. ಎರಡನೆಯದು, ಬಿಗಿಯಾಗಿ ತುಂಬಿದರೆ ಸಾಮಾನು ಉಳಿಯುತ್ತದೆ ಎನ್ನುವುದು ಸೀರೆಗೆ ಸರಿ, ರೊಟ್ಟಿಗಲ್ಲ. ಡಬ್ಬ ನೆಲಕ್ಕೆ ಬಿದ್ದರೆ ಆ ಪೆಟ್ಟೆಲ್ಲ ನೇರವಾಗಿ ರೊಟ್ಟಿಗೇ ಹೋಗುತ್ತದೆ. ಒಳಗಿದ್ದ ನಾಲ್ಕು ರೊಟ್ಟಿಯೂ ಮುರಿದಿದ್ದವು. ತುಂಡುಗಳನ್ನು ನಾನೂ, ಕಟಿಂಗ್ ಮೇಷಿನ್ನಿನ ಹಣಮಪ್ಪನೂ ತಿಂದೆವು. ಅವನು ನಿಮ್ಮ ಕಡೆಯವನೇ. ಬಾಯಿಗೆ ಹಾಕಿಕೊಂಡವನು ಆಗಲೇ ಇನ್ನೊಂದು ತುಂಡಿಗೆ ಕೈ ಚಾಚಿದ. ರೊಟ್ಟಿಯ ಬಗ್ಗೆ ನನ್ನದೇನೂ ತಕರಾರಿಲ್ಲ ಎಂದು ನಿಮ್ಮ ತಾಯಿಯವರಿಗೆ ತಿಳಿಸಿ.

ಒಂದು ಪ್ರಶ್ನೆ. ನಿಮ್ಮ ತಾಯಿಯವರು ಬೆಂಗಳೂರಿಗೆ ಬರುವಾಗ ನಿಮಗೆಂದು ರೊಟ್ಟಿ ತರುತ್ತಾರಲ್ಲವೇ? ಅವು ಮುರಿಯುತ್ತವೆಯೋ? ಮುರಿಯದಿದ್ದರೆ ಯಾಕೆ ಮುರಿಯುವುದಿಲ್ಲ? ನೋಡಿ, ನೆನಪಿಸಿಕೊಂಡು ಬರೆಯಿರಿ.

ಸಿಟ್ಟಿಲ್ಲ, ನನ್ನ ಬರವಣಿಗೆಯೇ ಹೀಗೆ.
ಶಿವರಾಮ್

*

ಬಿ.ಟಿ.ಎಂ. ಎರಡನೇ ಹಂತ
೬ ಸೆಪ್ಟೆಂಬರ್ ೨೦೨೫

ಶಿವರಾಮ್ ಸರ್,

ನಿಮ್ಮ ಪತ್ರ ಓದಿ ಒಂದು ದಿನ ಊಟ ಸೇರಲಿಲ್ಲ. ಆಮೇಲೆ ಪ್ರಶ್ನೆ ಮತ್ತೆ ಓದಿದೆ. ಊರಿಗೇ ಹೋಗಿ ಬಂದೆ.

ಅವ್ವ ತಂದ ರೊಟ್ಟಿ ಒಂದು ದಿನವೂ ಮುರಿದಿಲ್ಲ! ಇಪ್ಪತ್ತು ರೊಟ್ಟಿ ಒಂದರ ಮೇಲೊಂದು ಜೋಡಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟುತ್ತಾಳೆ. ಬಸ್ಸು ಹತ್ತಿದ ಕೂಡಲೇ ಆ ಗಂಟನ್ನು ಕಿಟಕಿಯ ಸರಳಿಗೆ ನೇತುಹಾಕುತ್ತಾಳೆ. ಕೆಳಗೆ ಇಡುವುದೇ ಇಲ್ಲ, ತೊಡೆಯ ಮೇಲೂ ಇಟ್ಟುಕೊಳ್ಳುವುದಿಲ್ಲ. ಕಂಡಕ್ಟರ್ ಬೈದರೂ ತೆಗೆಯುವುದಿಲ್ಲ. "ಬಸ್ಸು ಕುಣೀಲಿ ಬಿಡ, ಗಂಟು ಜೋಲಿ ಆಡತೈತಿ" ಅಂದಳು. ಊರಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಚಿಕ್ಕಂದಿನಿಂದ ನೋಡುತ್ತಿದ್ದರೂ ನನಗೆ ಹೊಳೆದಿರಲಿಲ್ಲ, ಸರ್. ಸಿಟಿಗೆ ಬಂದು ಗುಳ್ಳೆ ಪ್ಲಾಸ್ಟಿಕ್ ಹುಡುಕಿಕೊಂಡು ಹೋದೆ.

ಡಬ್ಬದ ಒಳಗೇ ಗಂಟು ನೇತುಹಾಕಲು ಆಗುತ್ತದೆಯೇ? ಒಳ ಅಳತೆಯಲ್ಲೇ ಚಿತ್ರ ಬರೆದಿದ್ದೇನೆ.

ನಿಮ್ಮ ಬೈಗುಳಕ್ಕೆ ಕಾಯುತ್ತಾ,
ಪ್ರಿಯಾಂಕಾ

*

ಸಾರಕ್ಕಿ
೨೮ ಸೆಪ್ಟೆಂಬರ್ ೨೦೨೫

ಪ್ರಿಯಾಂಕಾ ಅವರಿಗೆ,

ಬೈಗುಳ ಈ ಸಲ ಸ್ಟಾಕ್ ಇಲ್ಲ.

ನೀವು ಮೂರು ವಾರ ಇಲ್ಲಿ ಮೇಜಿನ ಮುಂದೆ ನಿಂತು ಕೊಯ್ದು, ಮಡಚಿ, ಬಿಸಾಕಿದ ರಟ್ಟಿನಲ್ಲಿ ಒಂದು ಮನೆ ಕಟ್ಟಬಹುದಿತ್ತು. ಆದರೆ ಕೊನೆಯದು ನಿಂತಿತು. ಹೊರಗೆ ಡಬ್ಬ, ಒಳಗೆ ಎರಡು ಗೋಡೆಯ ಸ್ಟ್ಯಾಂಡು, ಗೋಡೆಗಳ ನಡುವೆ ನೇತಾಡುವ ರೊಟ್ಟಿ ಗಂಟು. ನೀವು ನಿನ್ನೆ ಹೋದ ಮೇಲೆ ನಾನೇ ಅದನ್ನು ಮೆಟ್ಟಿಲ ಮೇಲಿನಿಂದ ಉರುಳಿಸಿದೆ. ಹನ್ನೊಂದು ಮೆಟ್ಟಿಲು. ಹಣಮಪ್ಪ ಕಣ್ಣು ಮುಚ್ಚಿಕೊಂಡ. ಬಿಚ್ಚಿ ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಇಡಿ! ಸಖತ್ತಾಗಿದೆ ಕಣಮ್ಮ. ನನ್ನ ಶೆಡ್ಡಿನಲ್ಲಿ ಇಂಥ ಡಬ್ಬ ಆಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಐವತ್ತು ಡಬ್ಬ ಅಕ್ಟೋಬರ್ ಇಪ್ಪತ್ತಮೂರಕ್ಕೆ ತಯಾರಿರುತ್ತದೆ. ಮಡಚಿ ಕಟ್ಟಿಕೊಡುತ್ತೇನೆ, ಊರಿಗೆ ತೆಗೆದುಕೊಂಡು ಹೋಗಿ ತುಂಬಿಸಿ. ಕಟಿಂಗ್ ನನ್ನ ಜವಾಬ್ದಾರಿ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಖುಷಿಯಾಗಿರುವ,
ಶಿವರಾಮ್

*

ಸಾರಕ್ಕಿ
೨೬ ಅಕ್ಟೋಬರ್ ೨೦೨೫

ಪ್ರಿಯಾಂಕಾ,

ಈ ಪತ್ರವನ್ನು ಬಾದಾಮಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಪದ್ಧತಿ ಮುರಿದು ನಿಮಗೆ ಆರು ಸಲ ಫೋನ್ ಕೂಡ ಮಾಡಿದೆ. ಊರಲ್ಲಿ ಸಿಗ್ನಲ್ ಇಲ್ಲವೆಂದು ಕಾಣುತ್ತದೆ.

ನನ್ನಿಂದ ತಪ್ಪಾಗಿದೆ. ಸುತ್ತಿ ಬಳಸಿ ಹೇಳುವುದಿಲ್ಲ.

ರಟ್ಟಿನ ಎರಡು ಪದರದ ನಡುವೆ ಅಲೆ ಅಲೆಯಾಗಿ ಮಡಚಿದ ಕಾಗದ ಇರುವುದು ನಿಮಗೆ ಗೊತ್ತು. ಆ ಅಲೆಗಳು ನಿಂತಿರಬೇಕು, ಕಂಬದ ಹಾಗೆ. ಮಲಗಿದ್ದರೆ ಭಾರ ಬಿದ್ದಾಗ ರಟ್ಟು ಸೊಟ್ಟಗಾಗಿ ಕುಸಿಯುತ್ತದೆ. ಮೊದಲ ದಿನ ಬಂದ ಕೆಲಸಗಾರನಿಗೂ ನಾನು ಕಲಿಸುವ ಪಾಠ ಇದು. ನಿಮ್ಮ ಸ್ಟ್ಯಾಂಡಿನ ಗೋಡೆ ಕೊಯ್ಯುವಾಗ ಶೀಟನ್ನು ಅಡ್ಡ ತಿರುಗಿಸಿದರೆ ಒಂದು ಶೀಟಿಗೆ ಎರಡು ತುಂಡು ಹೆಚ್ಚು ಬರುತ್ತಿತ್ತು. ಹಣಮಪ್ಪ ಕೇಳಿದ, "ಸರ, ಅಲಿ ಅಡ್ಡ ಆಗತಾವಲ್ರಿ?" ನಾನು, "ಒಳಗಿನ ತುಂಡಪ್ಪ, ಏನೂ ಆಗಲ್ಲ, ಹಾಕು" ಎಂದೆ. ಶೀಟು ಉಳಿಸುವುದು ನಲವತ್ತು ವರ್ಷದ ಚಟ. ರೊಟ್ಟಿಯ ಭಾರವೆಲ್ಲ ಆ ಒಳಗಿನ ತುಂಡಿನ ಮೇಲೇ ಎಂಬುದು ಆ ಕ್ಷಣದಲ್ಲಿ ತಲೆಗೆ ಹೋಗಲಿಲ್ಲ.

ಶುಕ್ರವಾರ ಉಳಿದ ಒಂದು ತುಂಡನ್ನು ಕೈಯಲ್ಲಿ ಹಿಡಿದು ಒತ್ತಿದೆ. ಕುಸಿಯಿತು. ಎರಡು ದಿನ ಸುಮ್ಮನಿದ್ದೆ. ಯಾರೂ ಗಮನಿಸದೆ ಹೇಗೋ ತಲುಪಿಬಿಡಲಿ ಎಂದು ಆಸೆಪಟ್ಟೆ. ಈ ವಯಸ್ಸಿನಲ್ಲಿ ಅಂಥ ಆಸೆ ಪಟ್ಟದ್ದಕ್ಕೆ ನಾಚಿಕೆಯಾಗುತ್ತಿದೆ.

ಡಬ್ಬ ತುಂಬಬೇಡಿ. ನಿಲ್ಲಿಸಿ. ಹೊಸ ಗೋಡೆ ಕೊಯ್ದು ನಾನೇ ತರುತ್ತೇನೆ. ಶ್ರೀಕರ್ ಅವರ ಕಾಲಿಗೆ ಬೇಕಾದರೂ ಬಿದ್ದು ಒಂದು ವಾರ ಕೇಳುತ್ತೇನೆ.

ಕ್ಷಮೆ ಕೇಳುತ್ತಾ,
ಶಿವರಾಮ್

*

ಬಾದಾಮಿ ಬಸ್ ಸ್ಟ್ಯಾಂಡು
೩೦ ಅಕ್ಟೋಬರ್ ೨೦೨೫

ಶಿವರಾಮ್ ಸಾಹೇಬ್ರಿಗೆ ತಂಗೆವ್ವ ಮಾಡುವ ಶರಣು,

ನಾ ಹೇಳತೇನ್ರಿ, ನಮ್ಮ ಪ್ರಿಯಾಂಕಾ ಬರೀತಾಳ. ಹೇಳಿದ್ದು ಹೇಳಿದಂಗ ಬರಿ ಅಂದೇನಿ. ನಿಮ್ಮ ಕಾಗದ ಬಂದು ಮೂರು ದಿನ ಆಗೈತಂತ, ಸ್ಟ್ಯಾಂಡಿನ ಪಾನ್ ಅಂಗಡ್ಯಾಂವ ಇಟ್ಕೊಂಡು ಕುಂತಿದ್ದ. ಈಗ ಕೊಟ್ಟ. ಡಬ್ಬಿ ಎಲ್ಲಾ ಬಸ್ ಹತ್ತ್ಯಾವ. ಪ್ರಿಯಾಂಕಾ ಓದಿ ಅಳಾಕ ಹತ್ತಿದ್ಲು, ನಾ ನಕ್ಕೆ.

ನಿಮ್ಮ ಗ್ವಾಡಿ ಸೊಟ್ಟ ಆಗ್ತಾವಂತ ನಮಗ ಮೊದಲ್ನೇ ಡಬ್ಬಿಗೇ ಗೊತ್ತಾತ್ರಿ. ಗಂಟು ಹಾಕಿದ ಕೂಡ್ಲೆ ಕುಂತಬಿಟ್ವು. ಹುಡಿಗಿಗೆ ಹೇಳಲಿಲ್ಲ, ಆಕಿ ನಿಮ್ಮನ್ನ ದೇವರಂಗ ನಂಬ್ಯಾಳ. ದೊಡ್ಡವ್ರು ತಪ್ಪು ಮಾಡ್ಯಾರಂತ ಹೇಳಾಕ ನಮಗೂ ಬಾಯಿ ಬರಲಿಲ್ಲ. ಹಿತ್ತಲದಾಗ ಜ್ವಾಳದ ದಂಟು ಬಿದ್ದಿದ್ವು. ಅಳತಿ ಮಾಡಿ ಕತ್ತರಿಸಿ, ಗ್ವಾಡಿ ಎರಡೂ ತುದೀಗೆ ಒಂದೊಂದು ನೆಟ್ಟಗ ನಿಲ್ಲಿಸಿ, ದಾರದ್ಲೆ ಬಿಗಿದ್ವಿ. ಆಕಿ ಬಾದಾಮಿಗೆ ಹೋದಾಗ ಹದಿನಾಲ್ಕು ಮಂದಿ ಒಂದು ಮಧ್ಯಾಹ್ನದಾಗ ಮುಗಿಸಿದ್ವಿ. ಮ್ಯಾಲೆ ನಾನ ಕುಂತು ನೋಡೇನಿ. ನನ್ನ ತೂಕ ಏನ್ ಕಡಿಮಿ ಇಲ್ಲ.

ನೀವು ಕಾಲಿಗೆ ಬೀಳೂದು ಬ್ಯಾಡ್ರಿ. ರೊಟ್ಟಿ ಹೆಂಗ ಮುಟ್ಟತಾವ ಯಾರಿಗೆ ಗೊತ್ತು, ಆದ್ರ ನೀವು ಹೇಳದ ಇದ್ದಿದ್ರ ನಮಗ ಬ್ಯಾಸರ ಆಗತಿತ್ತು. ಡ್ರೈವರ್ ಹಾರ್ನ್ ಹೊಡ್ಯಾಕತ್ಯಾನ. ಆಕಿ ಇದ ಬಸ್ಸಿಗೆ ಬರ್ತಾಳ, ನಿಮ್ಮ ಗೇಟಿನ ಡಬ್ಬಿಗೆ ಈ ಕಾಗದ ಹಾಕ್ತಾಳ.

ತಂಗೆವ್ವ
(ಹೆಬ್ಬೆಟ್ಟಲ್ಲ, ಸಹಿ ನಾನ ಮಾಡೇನಿ)

*

ಸಾರಕ್ಕಿ
೧ ನವೆಂಬರ್ ೨೦೨೫

ತಂಗೆವ್ವನವರಿಗೆ ನಮಸ್ಕಾರ,

ನಿಮ್ಮ ಕಾಗದವನ್ನು ನಿನ್ನೆಯಿಂದ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿಮ್ಮ ಮಗಳು ಸಂಜೆ ಎಲ್ಲ ಹೇಳುತ್ತಾಳೆ, ಆದರೂ ನಾನು ಕಣ್ಣಾರೆ ಕಂಡದ್ದನ್ನು ನಾನೇ ಬರೆಯಬೇಕು.

ಇವತ್ತು ಬೆಳಗ್ಗೆ ಹತ್ತಕ್ಕೆ ಜಯನಗರದ ಅಂಗಡಿಯಲ್ಲಿ ಡಬ್ಬ ಬಿಚ್ಚುತ್ತಾರೆಂದು ಗೊತ್ತಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. ಎಂಟೂವರೆಗೇ ಹೋಗಿ ಎದುರಿನ ಹೋಟೆಲ್ಲಿನಲ್ಲಿ ಕುಳಿತೆ, ಮೂರು ಕಾಫಿಯಾಯಿತು. ರಾಜ್ಯೋತ್ಸವ ಅಂತ ಅಂಗಡಿಯವರು ಬಾವುಟ ಕಟ್ಟುತ್ತಿದ್ದರು. ಆಟೋದಿಂದ ಡಬ್ಬ ಇಳಿಸುವಾಗ ಒಂದನ್ನು ಅವರ ಆಳು ದಬಕ್ಕನೆ ಎಸೆದ. ನಾನು ರಸ್ತೆಯ ಈ ಕಡೆಯಿಂದಲೇ "ಏಯ್!" ಎಂದು ಕೂಗಿಬಿಟ್ಟೆ. ಪ್ರಿಯಾಂಕಾ ತಿರುಗಿ ನೋಡಿದಳು. ಇನ್ನೇನು ಬಚ್ಚಿಟ್ಟುಕೊಳ್ಳುವುದು, ರಸ್ತೆ ದಾಟಿ ಹೋಗಿ ಪಕ್ಕದಲ್ಲಿ ನಿಂತೆ. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು.

ಶ್ರೀಕರ್ ಎಸೆದ ಡಬ್ಬವನ್ನೇ ಮೊದಲು ತೆಗೆದರು. "ಇದು ಹೋಯ್ತು ಬಿಡಿ ಮೇಡಂ" ಎಂದರು. ನಿಮ್ಮ ಮಗಳು ಕಣ್ಣು ಮುಚ್ಚಿಕೊಂಡಳು. ಅವರು ಗಂಟು ಬಿಚ್ಚಿ, ರೊಟ್ಟಿ ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಇಟ್ಟರು. ಇಪ್ಪತ್ತು. ಎಲ್ಲ ಇಡಿ! ಐವತ್ತನ್ನೂ ಬಿಚ್ಚಿಸಿದರು ತಾಯಿ. ಸಾವಿರ ರೊಟ್ಟಿಯಲ್ಲಿ ಮುರಿದದ್ದು ಮೂರು. ಆ ಮೂರನ್ನೂ ಶ್ರೀಕರ್ ಅಲ್ಲೇ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದು, "ಬರೋ ತಿಂಗಳಿಂದ ಇನ್ನೂರು ಡಬ್ಬ ಕಳಿಸ್ತೀರಾ?" ಎಂದು ಕೇಳಿದರು.

ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟೆ. ಕೂತಲ್ಲೇ ಅತ್ತುಬಿಟ್ಟೆ ಕೂಡ, ಹೇಳಲು ಸಂಕೋಚವೇನಿಲ್ಲ. ಒಂಬತ್ತು ದಿನದಿಂದ ಎದೆಯ ಮೇಲೆ ಕುಳಿತಿದ್ದದ್ದು ಎದ್ದು ಹೋಯಿತು. ಮಧ್ಯಾಹ್ನ ಮನೆಗೆ ಹೋಗಿ ಉಂಡು, ಮಗುವಿನ ಹಾಗೆ ನಿದ್ದೆ ಮಾಡಿ, ಈಗ ಎದ್ದು ಬರೆಯುತ್ತಿದ್ದೇನೆ.

ಒಂದು ಮಾತು. ಮುಂದೆ ನನ್ನ ಡಬ್ಬ ಸರಿಯಿಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ. ಗೌರವ ಕೊಟ್ಟು ಸುಮ್ಮನಿರಬೇಡಿ, ಆ ಗೌರವ ನನಗೆ ಬೇಡ. ಜೋಳದ ದಂಟು ನನ್ನ ತಲೆಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ನನ್ನ ಲೋಕದಲ್ಲಿ ಎಲ್ಲಕ್ಕೂ ಕಾಗದವೇ ಮದ್ದು.

ನಿಮ್ಮ ಋಣದಲ್ಲಿರುವ,
ಶಿವರಾಮ್

*

ಬಿ.ಟಿ.ಎಂ. ಎರಡನೇ ಹಂತ
೧೨ ನವೆಂಬರ್ ೨೦೨೫

ಸರ್,

ಅವ್ವ ನಿಮ್ಮ ಪತ್ರವನ್ನು ಹದಿಮೂರು ಜನಕ್ಕೂ ಓದಿಸಿ ಕೇಳಿಸಿದ್ದಾಳೆ. ನೀವು ಅತ್ತದ್ದನ್ನು ಓದಿದಾಗ ಎಲ್ಲರೂ ಅತ್ತರಂತೆ, ಅಕ್ಕಿ ಮೂಟೆಯ ಸಾಲು ಬಂದಾಗ ನಕ್ಕರಂತೆ.

ಶನಿವಾರ ನನ್ನ ರಜೆ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರೊಟ್ಟಿ ವ್ಯವಹಾರ ಅವ್ವನೇ ನೋಡಿಕೊಳ್ಳುತ್ತಾಳೆ. ಬಾದಾಮಿಗೆ ಹೋಗಿ ಶ್ರೀಕರ್ ಜೊತೆ ಫೋನಿನಲ್ಲಿ ಅವಳೇ ಚೌಕಾಸಿ ಮಾಡಿದಳು, ಪಾಪ, ಅವರೇ ಸೋತರು. ಹೀಗಾಗಿ ಅಲ್ಲಿ ನನ್ನ ಅಗತ್ಯ ಅಷ್ಟಿಲ್ಲ. ಆದರೆ ಈ ಹತ್ತು ದಿನದಲ್ಲಿ ನನ್ನನ್ನು ನಾಲ್ಕು ಜನ ಹುಡುಕಿಕೊಂಡು ಬಂದಿದ್ದಾರೆ. ಸಿದ್ದಾಪುರದಲ್ಲಿ ಗಾಜಿನ ಬಳೆ ಮಾರುವವರು, ಅರೆಕೆರೆಯಲ್ಲಿ ಮಣ್ಣಿನ ದೀಪ ಮಾಡುವ ಕಮಲಾದೇವಿ ಆಂಟಿ, ಇನ್ನಿಬ್ಬರು. ಅವರಿಗೆ ರೊಟ್ಟಿ ಬೇಡ ಸರ್. ಡಬ್ಬ ಬೇಕಂತೆ. "ನಮ್ ಸಾಮಾನೂ ಒಡೆದೇ ಇರೋ ಥರ ಏನಾದ್ರೂ ಮಾಡ್ಕೊಡಮ್ಮ" ಅಂದರು ಕಮಲಾದೇವಿ ಆಂಟಿ. ಅವರ ದೀಪ ಎಲ್ಲಿ ಒಡೆಯುತ್ತದೆ, ಯಾಕೆ ಒಡೆಯುತ್ತದೆ ಎಂದು ಎರಡು ಗಂಟೆ ಕೇಳುತ್ತಾ ಕುಳಿತೆ. ಬರುವಾಗ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆಯೇ ಚಿತ್ರ ಬರೆದೆ.

ಆಫೀಸಿನಲ್ಲೂ ದಿನವಿಡೀ ದೂರು ಕೇಳುತ್ತಿದ್ದೆ. ಕೇಳಿ, "ತೊಂದರೆಗಾಗಿ ವಿಷಾದಿಸುತ್ತೇವೆ" ಎಂದು ಫೋನ್ ಇಡುತ್ತಿದ್ದೆ. ಇಲ್ಲಿ ಕೇಳಿದ ಮೇಲೆ ಏನಾದರೂ ಮಾಡಬಹುದು. ನಾನು ಡಬ್ಬ ಮಾಡುವವಳಾಗಬೇಕು ಸರ್. ನಗಬೇಡಿ.

ನಿಮ್ಮ ಮೇಜು ಮೂರು ತಿಂಗಳಿಗೆ ಮಾತ್ರ ಎಂದು ಗೊತ್ತು. ಇನ್ನೊಂದು ಮೂರು ತಿಂಗಳು ಕೊಡುತ್ತೀರಾ? ಇಲ್ಲ ಎನ್ನುವುದಾದರೂ ಬೇಗ ಬರೆಯಿರಿ. ಶುಕ್ರವಾರದೊಳಗೆ ಆಫೀಸಿಗೆ ಉತ್ತರ ಕೊಡಬೇಕು.

ಕಾಯುತ್ತಿರುವ,
ಪ್ರಿಯಾಂಕಾ

*

ಸಾರಕ್ಕಿ
೧೩ ನವೆಂಬರ್ ೨೦೨೫

ಪ್ರಿಯಾಂಕಾ,

ನಗಲಿಲ್ಲ. ಹಣಮಪ್ಪನಿಗೆ ಓದಿ ಹೇಳಿದೆ, ಅವನು ಶಿಳ್ಳೆ ಹೊಡೆದ.

ಮೇಜು ಕೊಡುವುದಿಲ್ಲ. ಮೇಜು ಸಂಘದ್ದು, ಬಂದು ಹೋಗುವವರಿಗೆ. ನೀನು ಹೋಗುವವಳಲ್ಲ ಎಂದು ನನಗೆ ಅಕ್ಟೋಬರಿನಲ್ಲೇ ಅನುಮಾನವಿತ್ತು.

ಇದರ ಜೊತೆ ನಿಮ್ಮ ಇನ್ನೂರು ಡಬ್ಬದಲ್ಲಿ ಮೊದಲನೆಯದನ್ನು ಇಟ್ಟಿದ್ದೇನೆ. ಗೋಡೆಯ ಅಲೆ ನೆಟ್ಟಗೆ ನಿಂತಿದೆ, ದಂಟಿಗೆ ಎರಡು ತೂತೂ ಬಿಟ್ಟಿದ್ದೇನೆ. ಈಗ ಡಬ್ಬ ತಿರುವಿ ತಳ ನೋಡು. ನಮ್ಮ ಕಸುಬಿನಲ್ಲಿ ತಯಾರಕರ ಹೆಸರನ್ನು ಅಲ್ಲಿ ಸಣ್ಣಕ್ಷರದಲ್ಲಿ ಒತ್ತುತ್ತಾರೆ. ಬಡಾಯಿಗಲ್ಲ. ಸಾಮಾನು ಒಡೆದು ಬಂದರೆ ಯಾರನ್ನು ಬೈಯಬೇಕು ಎಂದು ಗಿರಾಕಿಗೆ ಗೊತ್ತಾಗಲಿ ಎಂದು. ನಲವತ್ತು ವರ್ಷ ಅಲ್ಲಿ ಒಂದೇ ಹೆಸರಿತ್ತು, ಬಂದ ಬೈಗುಳವನ್ನೆಲ್ಲ ಒಬ್ಬನೇ ತಿಂದೆ.

ಇವತ್ತು ಬೆಳಗ್ಗೆ ಅದರ ಪಕ್ಕದಲ್ಲಿ ನಿನ್ನ ಹೆಸರು ಒತ್ತಿಸಿದ್ದೇನೆ. ಇಂಕು ಇನ್ನೂ ಹಸಿಯಾಗಿದೆ, ಹುಷಾರಾಗಿ ಹಿಡಿ. ಆಫೀಸಿಗೆ ಬರೆಯಬೇಕಾದ್ದನ್ನು ಬರೆದು, ಸೋಮವಾರ ಎಂಟೂವರೆಗೆ ಬಾ. ಇನ್ನು ಮೇಲೆ ಬೈಗುಳದಲ್ಲಿ ಅರ್ಧ ಪಾಲು ನಿನ್ನದು.

ಶಿವರಾಮ್